ತಾಯಿಯ ಪಾಲು



ಗಡಿಭಾಗದ ನಮ್ಮ ಊರುಗಳಲ್ಲಿ ಒಂದೇ ಮಾತನ್ನು ಎರಡು ಭಾಷೆಯಲ್ಲಿ ಕೇಳಿ ಮಕ್ಕಳು ದೊಡ್ಡವರಾಗುತ್ತಾರೆ. ಸಂಕೇಶ್ವರದ ಕಡೆಯ ಅಜ್ಜಿ ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಅನ್ನುತ್ತಾಳೆ. ಗಡಹಿಂಗ್ಲಜ ಪೇಟೆಯ ಆಜಿ ‘ಮುಲಗೀ ಮ್ಹಣಜೇ ಪರಕ್ಯಾಚಂ ಧನ’ ಅನ್ನುತ್ತಾಳೆ. ಹಿರಣ್ಯಕೇಶಿಯ ನೀರಿಗೆ ಹೇಗೆ ಗಡಿಯಿಲ್ಲವೋ ಈ ಮಾತಿಗೂ ಇಲ್ಲ. ಜಾತಿಯ ಗಡಿಯನ್ನೂ ಧರ್ಮದ ಗಡಿಯನ್ನೂ ಅದು ಸುಲಭವಾಗಿ ದಾಟುತ್ತದೆ. ರವಿವಾರ ಚರ್ಚಿಗೆ ಹೋಗುವ ಮನೆಗಳಲ್ಲಿಯೂ ಇದೇ ಮಾತು ಕೇಳಿಬರುತ್ತದೆ.

ಕ್ರೈಸ್ತ ಧರ್ಮ ಹೆಣ್ಣನ್ನು, ತಾಯಿಯನ್ನು, ಮನೆತನವನ್ನು ಹೇಗೆ ನೋಡುತ್ತದೆ ಎಂಬುದು ಇಂದಿನ ವಿಷಯ. ನಿಮ್ಮಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ ಎಂಬುದು ಗೊತ್ತು. ಆದರೂ ಕೇಳಿರಿ. ನೆರೆಮನೆಯ ಗೋಡೆಯಲ್ಲಿ ಬಿರುಕು ಕಂಡಾಗ ನಾವು ನಮ್ಮ ಗೋಡೆಯನ್ನೂ ಒಮ್ಮೆ ತಿರುಗಿ ನೋಡುತ್ತೇವೆ.

ಮೇ ತಿಂಗಳ ಎರಡನೆಯ ರವಿವಾರ ಅನೇಕ ಚರ್ಚುಗಳಲ್ಲಿ ತಾಯಂದಿರ ದಿನ ನಡೆಯುತ್ತದೆ. ಅಮೆರಿಕೆಯಲ್ಲಿ ಆನ್ನಾ ಜಾರ್ವಿಸ್ ಎಂಬ ಮಹಿಳೆ ತನ್ನ ತಾಯಿಯ ನೆನಪಿಗಾಗಿ 1908ರಲ್ಲಿ ಒಂದು ಮೆಥಡಿಸ್ಟ್ ಚರ್ಚಿನಲ್ಲಿ ನಡೆಸಿದ ಆರಾಧನೆ ಇದರ ಮೂಲ. ಮುಂದೆ ಹೂವಿನ ಅಂಗಡಿಯವರೂ ಕಾರ್ಡು ಮಾರುವವರೂ ಅದನ್ನು ವ್ಯಾಪಾರ ಮಾಡಿಕೊಂಡಾಗ ಆಕೆಯೇ ಅದರ ವಿರುದ್ಧ ಹೋರಾಡಿದಳು. ಆ ದಿನ ನಮ್ಮ ಕಡೆಯೂ ಮಕ್ಕಳು ಅವ್ವಂದಿರ ಕೈಗೆ ಹೂವು ಕೊಡುತ್ತಾರೆ, ಸಭಾಪಾಲಕರು ತಾಯಿಯ ತ್ಯಾಗವನ್ನು ಹೊಗಳುತ್ತಾರೆ. ಹೊಗಳಿಕೆಗೆ ನಮ್ಮಲ್ಲಿ ಎಂದೂ ಬರಗಾಲ ಬಂದಿಲ್ಲ. ಬರಗಾಲ ಬರುವುದು ಪಾಲು ಕೊಡುವ ಹೊತ್ತಿಗೆ.

ಮೊದಲು ಬೈಬಲಿನ ಮಾತು. ಹೆಂಡತಿ ಗಂಡನಿಗೆ ಅಧೀನಳಾಗಿರಬೇಕೆಂದು ಪೌಲನು ಎಫೆಸದ ಸಭೆಗೆ ಬರೆದದ್ದನ್ನು ಮದುವೆಯ ದಿನ ಓದುತ್ತಾರೆ. ಗಂಡನೇ ಮನೆಯ ತಲೆ, ಹೆಣ್ಣಿನ ಸ್ಥಾನ ಒಲೆಯ ಬದಿಗೆ ಮತ್ತು ತೊಟ್ಟಿಲ ಬದಿಗೆ ಎಂದು ಇದರಿಂದ ತಿಳಿಯುವವರು ಬಹಳ ಜನ. ಅವರಲ್ಲಿ ಪ್ರಾಮಾಣಿಕರೂ ಇದ್ದಾರೆ, ಹೆಂಡತಿಯನ್ನು ಪ್ರೀತಿಯಿಂದ ನೋಡಿಕೊಂಡವರೂ ಇದ್ದಾರೆ. ಆದರೆ ಅದರ ಹಿಂದಿನ ಸಾಲಿನಲ್ಲಿಯೇ ಪೌಲನು ಎಲ್ಲರೂ ಒಬ್ಬರಿಗೊಬ್ಬರು ತಗ್ಗಿ ನಡೆಯಬೇಕೆಂದು ಹೇಳಿದ್ದಾನೆ. ಆ ಸಾಲನ್ನು ಮದುವೆಯಲ್ಲಿ ಅಷ್ಟು ಗಟ್ಟಿಯಾಗಿ ಓದುವುದಿಲ್ಲ, ಅಷ್ಟೇ.

ಆದಿಕಾಂಡದ ಇನ್ನೊಂದು ಮಾತನ್ನು ನೋಡಿರಿ. ದೇವರು ಹೆಣ್ಣನ್ನು ಗಂಡಿಗೆ ಸಹಾಯವಾಗಿ ಸೃಷ್ಟಿಸಿದ ಎಂದು ಅಲ್ಲಿದೆ. ಸಹಾಯಕಿ ಎಂದರೆ ನಮ್ಮ ಎರಡೂ ಭಾಷೆಗಳಲ್ಲಿ ಕೈಕೆಳಗಿನವಳು ಎಂದೇ ಕೇಳಿಸುತ್ತದೆ. ಹೀಬ್ರೂ ಮೂಲದಲ್ಲಿರುವ ಶಬ್ದ ‘ಏಜೆರ್’. ಕೀರ್ತನೆಗಳ ಪುಸ್ತಕದಲ್ಲಿ ಇದೇ ಶಬ್ದವನ್ನು ದೇವರಿಗೇ ಬಳಸಿದ್ದಾರೆ. ಕಷ್ಟದಲ್ಲಿ ಸಿಕ್ಕ ಜನರಿಗೆ ಬೆಂಬಲವಾಗಿ ಬರುವವನು ಎಂಬ ಅರ್ಥದಲ್ಲಿ. ಅಂಥ ಶಬ್ದವನ್ನು ಆಳಿನ ಮಟ್ಟಕ್ಕೆ ಇಳಿಸಿದವರು ನಾವು.

ಜ್ಞಾನೋಕ್ತಿಗಳ ಕೊನೆಯ ಅಧ್ಯಾಯದ ಗುಣವತಿಯಾದ ಗೃಹಿಣಿಯಂತೂ ಹೊಲವನ್ನು ತಾನೇ ನೋಡಿ ಕೊಳ್ಳುತ್ತಾಳೆ, ತನ್ನ ಗಳಿಕೆಯಿಂದ ದ್ರಾಕ್ಷಿ ತೋಟ ಹಾಕುತ್ತಾಳೆ, ಬಟ್ಟೆ ನೇಯ್ದು ಮಾರುತ್ತಾಳೆ. ಇಚಲಕರಂಜಿಯಲ್ಲಿ ಮಗ್ಗದ ಸದ್ದಿನ ನಡುವೆ ಕಂಡಿಕೆ ಸುತ್ತಿ ಸಂಸಾರ ಎಳೆಯುವ ತಂಗಿಯರಿಗೆ ಈ ಗೃಹಿಣಿ ಅಪರಿಚಿತಳಲ್ಲ. ಅವರ ಕೂಲಿಯಿಂದ ಕೊಂಡ ಜಾಗೆ ಯಾರ ಹೆಸರಿನಲ್ಲಿದೆ ಎಂಬುದು ಬೇರೆ ಮಾತು.

ತಾಯ್ತನದ ಬಗ್ಗೆ ಯೇಸುವಿನ ಒಂದು ಮಾತು ಅನೇಕರಿಗೆ ಬಿರುಸೆನಿಸುತ್ತದೆ. ಗುಂಪಿನೊಳಗಿಂದ ಒಬ್ಬ ಹೆಂಗಸು ‘ನಿನ್ನನ್ನು ಹೊತ್ತ ಹೊಟ್ಟೆ ಧನ್ಯ’ ಎಂಬ ಅರ್ಥದಲ್ಲಿ ಕೂಗಿದಾಗ, ದೇವರ ಮಾತನ್ನು ಕೇಳಿ ನಡೆಯುವವರೇ ಹೆಚ್ಚು ಧನ್ಯರು ಎಂದು ಯೇಸು ಉತ್ತರಿಸಿದನೆಂದು ಲೂಕನು ಬರೆದಿದ್ದಾನೆ. ತಾಯಿಯನ್ನು ಕಡಿಮೆ ಮಾಡಲು ಹೇಳಿದ ಮಾತಲ್ಲ ಇದು. ಹೆಣ್ಣಿನ ಬೆಲೆಯನ್ನು ಹೊಟ್ಟೆಯಿಂದಷ್ಟೇ ಅಳೆಯಬೇಡಿರಿ ಎಂಬುದು ಇದರ ತಾತ್ಪರ್ಯ. ಮಕ್ಕಳಾಗದ ಸೊಸೆಯನ್ನು ಶುಭಕಾರ್ಯದಲ್ಲಿ ಹಿಂದೆ ಸರಿಸುವ ಮನೆಗಳು ಇದನ್ನು ಕೇಳಬೇಕು. ಹೆಣ್ಣು ಹಡೆದವಳಿಗೆ ಮೋರೆ ತಿರುವುವ ಮನೆಗಳೂ ಕೇಳಬೇಕು. 2001ರ ಜನಗಣತಿಯಲ್ಲಿ ಕೊಲ್ಹಾಪುರ ಜಿಲ್ಲೆಯೊಳಗೆ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 839 ಮಾತ್ರ ಇದ್ದರು. ಗರ್ಭದಲ್ಲಿ ಲಿಂಗ ಪರೀಕ್ಷೆಗೆ ತಡೆ ಹಾಕುವ ಕಾಯಿದೆಯನ್ನು ಮಹಾರಾಷ್ಟ್ರ ಸರಕಾರ ಇಡೀ ದೇಶಕ್ಕಿಂತ ಮೊದಲು, 1988ರಲ್ಲಿಯೇ, ಮಾಡಿತ್ತು. ಹೀಗಿದ್ದೂ ಈ ಲೆಕ್ಕ.

ಈಗ ನಮ್ಮ ಎರಡೂ ಭಾಷೆಗಳಿಗೆ ಸೇರಿದ ಒಬ್ಬ ಹೆಣ್ಣುಮಗಳ ಕತೆ ಹೇಳಬೇಕು. ಪಂಡಿತಾ ರಮಾಬಾಯಿ. ಮರಾಠಿಯವರು ಅವರನ್ನು ತಮ್ಮವರೆನ್ನುತ್ತಾರೆ, ಅದು ಸರಿ. ಆದರೆ ಅವರು 1858ರ ಏಪ್ರಿಲ್ 23ರಂದು ಹುಟ್ಟಿದ್ದು ಕನ್ನಡ ನಾಡಿನ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಕಡೆಯ ಮಾಳದವರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರವರ ಆಕ್ಷೇಪ ಬಂದಾಗ ಅವರು ಕಾಡಿಗೇ ಹೋಗಿ ಮನೆ ಕಟ್ಟಿದರು. ರಮಾಬಾಯಿಗೆ ಮೊದಲ ಪಾಠ ಹೇಳಿದವರು ತಂದೆಯಲ್ಲ, ಆ ತಾಯಿ. ನಸುಕಿನಲ್ಲಿ ಮನೆಗೆಲಸ ಹತ್ತುವ ಮೊದಲು, ನಿದ್ದೆಗಣ್ಣಿನ ಮಗಳನ್ನು ಎಬ್ಬಿಸಿ ಮಡಿಲಲ್ಲಿ ಕೂಡಿಸಿಕೊಂಡು ಶ್ಲೋಕ ಬಾಯಿಪಾಠ ಮಾಡಿಸುತ್ತಿದ್ದರು. ತಾಯಿ ಎಂದರೆ ಗುರು ಎಂಬುದು ಆ ಮನೆಯಲ್ಲಿ ಅಕ್ಷರಶಃ ನಿಜವಾಗಿತ್ತು.

ಬರಗಾಲ ಆ ಮನೆತನವನ್ನು ಮುರಿಯಿತು. 1874ರಲ್ಲಿ ಕೆಲವೇ ತಿಂಗಳಲ್ಲಿ ತಂದೆ, ತಾಯಿ, ಅಕ್ಕ ತೀರಿಕೊಂಡರು. ಅಣ್ಣನೊಂದಿಗೆ ಸಾವಿರಾರು ಮೈಲು ನಡೆದು 1878ರಲ್ಲಿ ಕಲಕತ್ತೆ ಮುಟ್ಟಿದಾಗ ಅಲ್ಲಿಯ ವಿದ್ವಾಂಸರು ಅವರ ಸಂಸ್ಕೃತಕ್ಕೆ ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. ಅಣ್ಣನೂ 1880ರಲ್ಲಿ ತೀರಿಕೊಂಡ ಮೇಲೆ ಬೇರೆ ಜಾತಿಯ ಬಂಗಾಳಿ ವಕೀಲರೊಬ್ಬರನ್ನು ಮದುವೆಯಾದರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. ಮುಂದಿನ ವರ್ಷ ಫೆಬ್ರುವರಿಯಲ್ಲಿ ಗಂಡ ಕಾಲರಾದಿಂದ ಸತ್ತರು. ಇಪ್ಪತ್ಮೂರು ವರ್ಷದ ವಿಧವೆ, ಕಂಕುಳಲ್ಲಿ ಹತ್ತು ತಿಂಗಳ ಕೂಸು. ಅಂದಿನ ಲೆಕ್ಕದಲ್ಲಿ ಅವರ ಬದುಕು ಮುಗಿದುಹೋಗಿತ್ತು.

ಅವರು ಪುಣೆಗೆ ಬಂದರು, ಆರ್ಯ ಮಹಿಳಾ ಸಮಾಜ ಕಟ್ಟಿದರು, 1883ರಲ್ಲಿ ಇಂಗ್ಲೆಂಡಿಗೆ ಹೋದರು. ಅದೇ ವರ್ಷ ವಾಂಟೇಜ್ ಎಂಬ ಊರಿನ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ತಾಯಿ ಮಗಳು ಇಬ್ಬರೂ ದೀಕ್ಷಾಸ್ನಾನ ಪಡೆದರು. ಇಲ್ಲಿಗೆ ಕತೆ ನಿಲ್ಲಿಸಿ ಆನಂದಪಡುವವರೂ ಇದ್ದಾರೆ, ಸಿಟ್ಟಾಗುವವರೂ ಇದ್ದಾರೆ. ನನಗೆ ಮುಖ್ಯವೆನಿಸುವುದು ಇದರ ಮುಂದಿನ ಭಾಗ.

ಮಠದ ಜೆರಾಲ್ಡೀನ್ ಎಂಬ ಸನ್ಯಾಸಿನಿ ರಮಾಬಾಯಿಗೆ ಧರ್ಮಮಾತೆಯಂತೆ ಇದ್ದವರು. ಅವರಿಗೆ ರಮಾಬಾಯಿ ವಿಧೇಯಳಾಗಿರಬೇಕೆಂಬ ಆಸೆ. ರಮಾಬಾಯಿ ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿದ್ದಾಗ ಚಿಕ್ಕ ಮನೋರಮೆ ವಾಂಟೇಜಿನಲ್ಲಿ ಬೆಳೆಯುತ್ತಿದ್ದಳು. ಮಗುವಿಗೆ ಯಾವ ಧರ್ಮತತ್ವ ಕಲಿಸಬೇಕು, ಯಾರು ನಿರ್ಧರಿಸಬೇಕು ಎಂದು ಇಬ್ಬರ ನಡುವೆ ಪತ್ರಗಳಲ್ಲಿ ಜಗಳವೇ ನಡೆಯಿತು. ತನ್ನ ಮನಸ್ಸಿಗೆ ಇನ್ನೂ ಒಪ್ಪಿಗೆಯಾಗದ ತತ್ವವನ್ನು ತನ್ನ ಮಗಳಿಗೆ ಬಾಯಿಪಾಠ ಮಾಡಿಸಬಾರದೆಂದು ರಮಾಬಾಯಿ ಪಟ್ಟು ಹಿಡಿದರು. ಪರದೇಶ, ಕೈಯಲ್ಲಿ ದುಡ್ಡಿಲ್ಲ, ಅನ್ನ ಹಾಕುವವರ ಎದುರಿಗೇ ಈ ಮಾತು! ಕ್ರಿಸ್ತನನ್ನು ಒಪ್ಪಿಕೊಂಡವಳು ತನ್ನ ಬುದ್ಧಿಯನ್ನೂ ತಾಯಿಯ ಹಕ್ಕನ್ನೂ ಚರ್ಚಿನ ಬಾಗಿಲಲ್ಲಿ ಕಳಚಿಡಬೇಕಿಲ್ಲ ಎಂದು ಅವರು ಅಂದು ತೋರಿಸಿಕೊಟ್ಟರು. ಕ್ರೈಸ್ತ ಸ್ತ್ರೀತ್ವದ ಬಗ್ಗೆ ದೊಡ್ಡ ಗ್ರಂಥಗಳು ಹೇಳದ ಪಾಠ ಆ ಜಗಳದಲ್ಲಿದೆ.

ಅಮೆರಿಕೆಯಲ್ಲಿ ಹಣ ಕೂಡಿಸಿ 1889ರ ಮಾರ್ಚಿಯಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದರು. ಮುಂದೆ ಕೇಡಗಾಂವದಲ್ಲಿ ಮುಕ್ತಿ ಸದನ ಬೆಳೆಯಿತು. 1900ರ ಬರದ ಕಾಲಕ್ಕೆ ಅಲ್ಲಿ ಸಾವಿರಾರು ಹೆಣ್ಣುಮಕ್ಕಳಿದ್ದರು. ಅವರು ಬರೀ ಪ್ರಾರ್ಥನೆ ಮಾಡುತ್ತ ಕೂಡಲಿಲ್ಲ. ಹೊಲ ಮಾಡಿದರು, ನೇಯ್ದರು, ಛಾಪಖಾನೆಯ ಮೊಳೆ ಜೋಡಿಸಿದರು. ಕುರುಡು ಹುಡುಗಿಯರು ಬ್ರೈಲ್ ಕಲಿತರು. ಗಂಡಸಿಲ್ಲದ ಆ ಮನೆಗೆ ಸಂಸಾರ ಎನ್ನಬಹುದೋ ಬೇಡವೋ ನೀವೇ ಹೇಳಿರಿ. ಮನೋರಮೆ ಮದುವೆಯಾಗದೆ ತಾಯಿಯ ಬಲಗೈಯಾದಳು. 1912ರಲ್ಲಿ ಗುಲಬರ್ಗಾದಲ್ಲಿ ಶುರುವಾದ ಶಾಲೆಯ ಹೊಣೆಯನ್ನೂ ಹೊತ್ತಳು. ಹೀಗೆ ಗಂಗಾಮೂಲದ ವಿದ್ಯೆ ಒಂದು ಸುತ್ತು ಹಾಕಿ ಕನ್ನಡ ನಾಡಿಗೆ ಮರಳಿ ಬಂತು. ಮಗಳು 1921ರಲ್ಲಿ ತೀರಿಕೊಂಡಳು, ತಾಯಿ 1922ರ ಏಪ್ರಿಲ್ 5ರಂದು.

ಹೆಣ್ಣಿನ ಬಗ್ಗೆ ಕ್ರೈಸ್ತರಷ್ಟೇ ಯೋಚಿಸಿದರು ಎಂದು ಯಾರೂ ತಿಳಿಯಬಾರದು. ಗಡಹಿಂಗ್ಲಜ ಆಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ವಿಧವೆಯರ ಮರುಮದುವೆಗೆ ಶಾಹೂ ಮಹಾರಾಜರು 1917ರಲ್ಲಿ ಕಾಯಿದೆ ಮಾಡಿದರು. ಮಿಶನರಿಗಳ ಪೈಕಿ ರಾಯಲ್ ವೈಲ್ಡರ್ 1852ರಲ್ಲಿಯೇ ಕೊಲ್ಹಾಪುರಕ್ಕೆ ಬಂದಿದ್ದರು. ಡಾಕ್ಟರ್ ವಾನ್ಲೆಸ್ 1894ರಲ್ಲಿ ಮಿರಜದ ಆಸ್ಪತ್ರೆ ತೆರೆದರು. ಪರರ ಮೈ ಮುಟ್ಟುವ ಕೆಲಸ ಎಂದು ಬೇರೆಯವರು ಹಿಂದೆ ಸರಿಯುತ್ತಿದ್ದ ಕಾಲದಲ್ಲಿ ನರ್ಸಿನ ಕೆಲಸಕ್ಕೆ ನಮ್ಮ ದೇಶದಲ್ಲಿ ಮುಂದೆ ಬಂದವರಲ್ಲಿ ಕ್ರೈಸ್ತ ಹುಡುಗಿಯರೇ ಹೆಚ್ಚು. ರಾತ್ರಿ ಪಾಳಿಗೆ ಹೋಗುವ ತಾಯಿ ಕ್ರೈಸ್ತ ಮನೆತನಕ್ಕೆ ಟೀವಿ ಧಾರಾವಾಹಿಯಿಂದ ಬಂದ ಹೊಸ ಫ್ಯಾಶನ್ ಅಲ್ಲ. ಅದಕ್ಕೆ ನೂರು ವರ್ಷ ದಾಟಿದೆ. ‘ಆಧುನಿಕತೆ ನಮ್ಮ ಹೆಣ್ಣುಮಕ್ಕಳನ್ನು ಕೆಡಿಸಿತು’ ಎನ್ನುವ ಉಪದೇಶಕರು ತಮ್ಮ ಅಜ್ಜಿಯರ ನೌಕರಿಯ ಕಾಗದ ತೆಗೆದು ನೋಡಲಿ.

ಇನ್ನು ಪಾಲಿನ ಮಾತು. ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಇದರಲ್ಲಿ ಮಗ, ಮಗಳು ಸಮ. ಮದುವೆಯಾದ ಮಗಳೂ ಸಮ. ಕೇರಳದ ತಿರುವಾಂಕೂರಿನಲ್ಲಿ ಮಾತ್ರ ಹಳೆಯ ಸಂಸ್ಥಾನದ ಕಾಯಿದೆಯ ನೆವದಿಂದ ಮಗಳಿಗೆ ಮಗನ ಪಾಲಿನ ಕಾಲುಭಾಗ ಅಥವಾ ಐದು ಸಾವಿರ ರೂಪಾಯಿ, ಎರಡರಲ್ಲಿ ಕಡಿಮೆಯಾದದ್ದನ್ನು ಕೊಡುತ್ತಿದ್ದರು. ಮೇರಿ ರಾಯ್ ಎಂಬ ಶಿಕ್ಷಕಿ ಸುಪ್ರೀಮ್ ಕೋರ್ಟಿನವರೆಗೆ ಹೋಗಿ 1986ರಲ್ಲಿ ಅದನ್ನು ಕೊನೆಗಾಣಿಸಿದರು. ನಮ್ಮ ಕಡೆ ಅಂಥ ಕಾಯಿದೆಯ ಅಡ್ಡಿ ಇರಲಿಲ್ಲ. ನಮ್ಮಲ್ಲಿ ಇರುವುದು ಹಕ್ಕಸೋಡ ಪತ್ರ. ಅಪ್ಪ ತೀರಿದ ಮೇಲೆ ಅಕ್ಕತಂಗಿಯರನ್ನು ಕರೆಸಿ, ಸೀರೆ ಕುಬಸ ಕೊಟ್ಟು, ಹಕ್ಕು ಬಿಟ್ಟೆನೆಂದು ಸಹಿ ಮಾಡಿಸಿಕೊಳ್ಳುತ್ತಾರೆ. ಸಹಿ ಮಾಡದವಳಿಗೆ ತವರಿನ ಬಾಗಿಲು ಮುಚ್ಚುತ್ತದೆ. ಮೋಶೆಯ ಕಾಲದಲ್ಲಿ, ಗಂಡುಮಕ್ಕಳಿಲ್ಲದೆ ಸತ್ತ ಒಬ್ಬನ ಐವರು ಹೆಣ್ಣುಮಕ್ಕಳು ಜನರೆಲ್ಲರ ಮುಂದೆ ನಿಂತು ಅಪ್ಪನ ಪಾಲು ಕೇಳಿದರು, ಅವರು ಕೇಳುವುದು ನ್ಯಾಯ ಎಂದು ದೇವರೇ ಹೇಳಿದನೆಂದು ಅರಣ್ಯಕಾಂಡದಲ್ಲಿದೆ. ಹಕ್ಕಸೋಡಕ್ಕೆ ಮೊದಲು ಈ ಅಧ್ಯಾಯ ಓದುವ ಪದ್ಧತಿ ಎಲ್ಲಿಯೂ ಕಾಣೆ.

ಮಗಳಿಗೆ ಕಾಯಿದೆಯಾದರೂ ಇದೆ. ತಾಯಿಗೆ ಅದೂ ಇಲ್ಲ. ಒಬ್ಬ ಕ್ರೈಸ್ತ ತಾನು ಗಳಿಸಿದ ಆರು ಎಕರೆ ಬಿಟ್ಟು, ಮೃತ್ಯುಪತ್ರ ಬರೆಯದೆ ತೀರಿಕೊಂಡ ಎಂದಿಟ್ಟುಕೊಳ್ಳಿರಿ. ಹೆಂಡತಿ, ಇಬ್ಬರು ಮಕ್ಕಳು, ಮುದಿ ತಾಯಿ ಇದ್ದಾರೆ. ಹೆಂಡತಿಗೆ ಮೂರರಲ್ಲಿ ಒಂದು ಭಾಗ, ಎರಡು ಎಕರೆ. ಮಕ್ಕಳಿಗೆ ತಲಾ ಎರಡು ಎಕರೆ. ಹಡೆದ ತಾಯಿಗೆ ಏನೂ ಇಲ್ಲ. ಮಕ್ಕಳಿಲ್ಲದಿದ್ದರೆ ಅರ್ಧ ಹೆಂಡತಿಗೆ, ಉಳಿದ ಅರ್ಧ ತಂದೆಗೆ. ತಂದೆ ಜೀವಂತವಿದ್ದರೆ ಆಗಲೂ ತಾಯಿಗೆ ಏನೂ ಇಲ್ಲ. ತಂದೆ ಮೊದಲೇ ತೀರಿದ್ದರೆ ಮಾತ್ರ ಆ ಅರ್ಧದಲ್ಲಿ ತಾಯಿ ತನ್ನ ಉಳಿದ ಮಕ್ಕಳೊಂದಿಗೆ ಸಮಪಾಲು ಹಂಚಿಕೊಳ್ಳಬೇಕು. ಅದೇ ಓಣಿಯ ಹಿಂದೂ ಮನೆಯಲ್ಲಿ, 1956ರ ಕಾಯಿದೆಯಂತೆ, ತಾಯಿ ಮೊದಲ ದರ್ಜೆಯ ವಾರಸುದಾರಳು. ಹೆಂಡತಿಗೆ, ಮಕ್ಕಳಿಗೆ ಬಂದಷ್ಟೇ, ಅಂದರೆ ಒಂದೂವರೆ ಎಕರೆ, ಆಕೆಗೂ ಬರುತ್ತದೆ. ಅಲ್ಲಿ ಹಿಂದೆ ಸರಿಯುವವನು ತಂದೆ. ಮರಿಯಳನ್ನು ಧನ್ಯೆ ಎಂದು ಹಾಡುವ ಸಮಾಜಕ್ಕೆ ತಾಯಿಯನ್ನು ಮರೆತ ಕಾಯಿದೆ, ಇದು ವಿಚಿತ್ರ. ಶಿಲುಬೆಯ ಮೇಲೆ ಪ್ರಾಣ ಹೋಗುವ ಹೊತ್ತಿನಲ್ಲಿಯೂ ಯೇಸು ತನ್ನ ತಾಯಿಗೆ ಆಸರೆ ಮಾಡಿ ಶಿಷ್ಯನ ಕೈಗೆ ಒಪ್ಪಿಸಿದನೆಂದು ಯೋಹಾನನು ಬರೆದಿದ್ದಾನೆ.

ಕಾಯಿದೆಗಳು ಬದಲಾಗುವುದಿಲ್ಲ ಎಂದೇನಿಲ್ಲ. 1869ರ ವಿಚ್ಛೇದನ ಕಾಯಿದೆಯಲ್ಲಿ ಗಂಡನಿಗೆ ಹೆಂಡತಿಯ ವ್ಯಭಿಚಾರ ತೋರಿಸಿದರೆ ಸಾಕಿತ್ತು. ಹೆಂಡತಿಯಾದರೆ ವ್ಯಭಿಚಾರದ ಜೊತೆ ಕ್ರೌರ್ಯವನ್ನೋ ತೊರೆದು ಹೋದದ್ದನ್ನೋ ಸಿದ್ಧಪಡಿಸಬೇಕಿತ್ತು. ಈ ತಾರತಮ್ಯ ನಿಲ್ಲದು ಎಂದು 1997ರಲ್ಲಿ ಮುಂಬಯಿ ಹೈಕೋರ್ಟ್ ತೀರ್ಪು ಕೊಟ್ಟಿತು. 2001ರಲ್ಲಿ ಪಾರ್ಲಿಮೆಂಟು ಕಾಯಿದೆಯನ್ನೇ ತಿದ್ದಿತು. ಚರ್ಚುಗಳೂ ಬದಲಾಗಿವೆ. ದಕ್ಷಿಣ ಭಾರತ ಸಭೆ 1976ರಲ್ಲಿ ಮಹಿಳೆಗೆ ಪಾದ್ರಿ ದೀಕ್ಷೆ ಕೊಟ್ಟಿತು, 2013ರಲ್ಲಿ ಪುಷ್ಪಲಲಿತಾ ಅವರು ಅದರ ಮೊದಲ ಮಹಿಳಾ ಬಿಷಪ್ ಆದರು. ಕೆಥೋಲಿಕರಲ್ಲಿ ಪಾದ್ರಿ ದೀಕ್ಷೆ ಗಂಡಸರಿಗೇ ಉಳಿದಿದೆ. ಆದರೂ ಎರಡನೆಯ ಜಾನ್ ಪಾಲ್ ಪೋಪರು 1988ರಲ್ಲಿ ಹೆಣ್ಣಿನ ಘನತೆಯ ಮೇಲೆಯೇ ಒಂದು ಪತ್ರ ಬರೆದರು.

ಆದರೆ ತಾಯಿಯ ಪಾಲಿಗೆ ಪಾರ್ಲಿಮೆಂಟಿನ ದಾರಿ ಕಾಯುತ್ತ ಕೂಡಬೇಕಿಲ್ಲ. ಕ್ರೈಸ್ತರಲ್ಲಿ ಮಗನಿಗೆ ಹುಟ್ಟಿನಿಂದ ಬರುವ ಪಾಲು ಎಂಬುದಿಲ್ಲ. ತನ್ನ ಹೆಸರಿನ ಆಸ್ತಿಯನ್ನು ಮಾಲಕ ತನಗೆ ಬೇಕಾದವರಿಗೆ ಬರೆದುಕೊಡಬಹುದು. ಮೃತ್ಯುಪತ್ರ ಎಂಬ ಶಬ್ದ ನಮ್ಮ ಎರಡೂ ಭಾಷೆಗಳಲ್ಲಿ ಒಂದೇ. ಅದಕ್ಕೆ ಸ್ಟ್ಯಾಂಪ್ ಕಾಗದ ಬೇಡ, ಬಿಳಿ ಹಾಳೆ ಸಾಕು; ಕನ್ನಡದಲ್ಲಿ ಬರೆದರೂ ನಡೆಯುತ್ತದೆ, ಮರಾಠಿಯಲ್ಲಿ ಬರೆದರೂ ನಡೆಯುತ್ತದೆ. ಬರೆದವರ ಸಹಿ ಅಥವಾ ಹೆಬ್ಬೆಟ್ಟು, ಇಬ್ಬರು ಸಾಕ್ಷಿದಾರರ ಸಹಿ ಇರಬೇಕು. ಪಾಲು ಪಡೆಯುವವರನ್ನೂ ಅವರ ಗಂಡ ಹೆಂಡಿರನ್ನೂ ಸಾಕ್ಷಿ ಹಾಕಿಸಬೇಡಿರಿ, ಹಾಕಿಸಿದರೆ ಅವರ ಪಾಲೇ ಹೋಗುತ್ತದೆ. ಇನ್ನೊಂದನ್ನು ನೆನಪಿಡಿರಿ. ಲಗ್ನಕ್ಕೆ ಮೊದಲು ಬರೆದ ಮೃತ್ಯುಪತ್ರ ಲಗ್ನವಾದ ದಿನವೇ ರದ್ದಾಗುತ್ತದೆ. ನೌಕರಿ ಹತ್ತಿದ ಮಗ ಅವ್ವನ ಹೆಸರಿಗೆ ಏನಾದರೂ ಬರೆದಿಟ್ಟಿದ್ದರೆ, ಮದುವೆಯಾದ ಮೇಲೆ ಹೆಂಡತಿಯನ್ನೂ ಅವ್ವನನ್ನೂ ಕೂಡಿಸಿಕೊಂಡು ಇನ್ನೊಮ್ಮೆ ಬರೆಯಬೇಕು. ನೀವು ಕರ್ನಾಟಕದ ಬದಿಗಿದ್ದರೆ ಪಹಣಿ, ಮಹಾರಾಷ್ಟ್ರದ ಬದಿಗಿದ್ದರೆ ಸಾತಬಾರಾ ತೆಗೆಸಿ, ಅದರಲ್ಲಿ ಯಾರ ಯಾರ ಹೆಸರಿದೆ ಎಂದು ಈ ವಾರ ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿರಿ.