ಓರೆಯಾಗಿ ನೋಡಿದರೆ ಅನುಮಾನವೇ?

ಇಂಗ್ಲಿಷಿನಲ್ಲಿ ‘ಅಸ್ಕಾನ್ಸ್’ ಎಂಬ ಪದವಿದೆ. ಒಬ್ಬರನ್ನು ಹಾಗೆ ನೋಡುವುದೆಂದರೆ ನಂಬದೆ, ಮೆಚ್ಚದೆ ನೋಡುವುದು. 16ನೆಯ ಶತಮಾನದಲ್ಲಿ ಬರಹಕ್ಕೆ ಬಂದಾಗ ಅದು ಹೇಳುತ್ತಿದ್ದುದು ಬರೀ ದಿಕ್ಕನ್ನು: ಓರೆಯಾಗಿ, ಪಕ್ಕಕ್ಕೆ. ಷೇಕ್ಸ್‌ಪಿಯರ್ 1594ರ ಲುಕ್ರೀಸ್ ಕಾವ್ಯದಲ್ಲಿ ಅದನ್ನು ಕ್ರಿಯಾಪದವಾಗಿಯೇ ಬಳಸಿದ. ಮೂಲ ಇಟಾಲಿಯನ್ನೋ ಡಚ್ಚೋ ಎಂಬ ತಕರಾರು ನಿಘಂಟುಕಾರರಲ್ಲಿ ಇನ್ನೂ ಮುಗಿದಿಲ್ಲ. ಅದಕ್ಕಿಂತ ಕುತೂಹಲದ್ದು, ಓರೆಗೆ ಅನುಮಾನ ಅಂಟಿಕೊಂಡದ್ದು. ಕಣ್ಣು ವಾಲಿದ ರೀತಿಯಲ್ಲೇ ಅನುಮಾನ ಅಡಗಿದೆ ಎಂದುಕೊಳ್ಳುವುದು ಸುಲಭ. ಕನ್ನಡದ ಸಾಕ್ಷ್ಯ ಅದನ್ನು ಒಪ್ಪುವುದಿಲ್ಲ.

ಲಕ್ಷ್ಮಿ ಕಡೆಗಣ್ಣಿನಿಂದ ನೋಡಿದರೆ ಅದು ಕಟಾಕ್ಷ, ಮನೆ ತುಂಬುತ್ತದೆ. ಶನಿ ಓರೆಯಾಗಿ ನೋಡಿದರೆ ವಕ್ರದೃಷ್ಟಿ, ಇದ್ದದ್ದೂ ಹೋಗುತ್ತದೆ. ಪ್ರೇಮಿಯದು ಕುಡಿನೋಟ. ಪಕ್ಕದ ಮನೆಯವರು ಹಾಗೆಯೇ ನೋಡಿದರೆ ಮಾತ್ರ ನಮಗೆ ಕಸಿವಿಸಿ. ಕಣ್ಣಿನ ಓರೆ ಎಲ್ಲ ಕಡೆಯೂ ಒಂದೇ. ಬದಲಾಗುವುದು ನೋಡುವವರ ಅಂತಸ್ತು, ಅವರಿಂದ ನಮಗಿರುವ ಆಸೆ ಅಥವಾ ಅಂಜಿಕೆ. ಸಂಸ್ಕೃತದ ಪದಕ್ಕೆ ಮರ್ಯಾದೆ, ಕನ್ನಡದ್ದಕ್ಕೆ ತಾತ್ಸಾರ, ಅಷ್ಟೇ ತಾನೇ ಎಂದು ಯಾರಾದರೂ ಕೇಳಬಹುದು. ಆದರೆ ವಕ್ರದೃಷ್ಟಿಯೂ ಸಂಸ್ಕೃತ, ಕುಡಿನೋಟ ಅಚ್ಚಗನ್ನಡ. ‘ಕಡೆಗಣಿಸು’ ಕಡೆಗಣ್ಣಿನಿಂದಲೇ ಬಂದದ್ದೆನ್ನುವವರಿದ್ದಾರೆ, ‘ಕಡೆ’ ಎಂದು ‘ಗಣಿಸು’ವುದೆಂದು ಬಿಡಿಸುವವರೂ ಇದ್ದಾರೆ, ಈ ವಾದ ಅದನ್ನು ನೆಚ್ಚಿಕೊಂಡಿಲ್ಲ.

ಕಲಬುರಗಿಯ ಮಾತಿನಲ್ಲಿ ಇನ್ನೂ ಗಟ್ಟಿಯಾದ ಸಾಕ್ಷ್ಯವಿದೆ. 1347ರಲ್ಲಿ ಬಹಮನಿ ಅರಸರು ಇಲ್ಲಿಂದ ಆಳತೊಡಗಿದ ಮೇಲೆ ಈ ನೆಲದ ಕನ್ನಡಕ್ಕೆ ಪಾರ್ಸಿ, ದಖನಿ ಪದಗಳು ಧಾರಾಳವಾಗಿ ಸೇರಿದವು. ಹಾಗೆ ಬಂದ ‘ನಜರ್’ ಜನರ ಬಾಯಲ್ಲಿ ‘ನೆದರ’ ಆಯಿತು. ಮೂಲ ಅರಬ್ಬಿಯಲ್ಲಿ ಅದಕ್ಕೆ ಬರೀ ನೋಟ ಎಂದರ್ಥ, ಓರೆಯ ಸುಳಿವೇ ಇಲ್ಲ. ಆದರೂ ನಗರದ ಜಗತ್ ವೃತ್ತದಿಂದ ಕಮಲಾಪುರದ ತನಕ ‘ಕೂಸಿಗಿ ನೆದರ ಆಗ್ಯಾದ’ ಎಂದರೆ ಕೇಡು, ‘ನಮ್ಮ ಮ್ಯಾಲ ನೆದರ ಇರಲಿ’ ಎಂದರೆ ಕೃಪೆ. ನೇರ ನೋಟವೂ ಎರಡು ಬಗೆಯಲ್ಲಿ ದುಡಿಯುವಾಗ ತಪ್ಪನ್ನು ಓರೆಯ ಮೇಲೆ ಹೊರಿಸುವುದು ಹೇಗೆ? ಇಂಗ್ಲಿಷು ಈ ಹಲವು ಸಾಧ್ಯತೆಗಳಲ್ಲಿ ಒಂದನ್ನು ಹಿಡಿದು ಆ ಪದಕ್ಕೆ ಕಟ್ಟಿಹಾಕಿತು, ಅಷ್ಟೇ. ಆದ್ದರಿಂದ ಅನುವಾದಕರು ‘ಅಸ್ಕಾನ್ಸ್’ ಕಂಡಲ್ಲೆಲ್ಲ ‘ಓರೆನೋಟ’ ಎಂದು ಬರೆಯದಿರಲಿ. ‘ಅನುಮಾನದಿಂದ ನೋಡಿದರು’ ಎಂದರೆ ಸಾಕು.