ಎಣ್ಣೂರಿನ ಹೆಜ್ಜಾರ್ಲೆಗೆ ಯಾವ ಬಣ್ಣ? ಫೋಟೋ ನೋಡಿ ಜಲವರ್ಣದಲ್ಲಿ ಹಕ್ಕಿ ಬಿಡಿಸುವ ಮುನ್ನ ಇದನ್ನು ಓದಿ

ಚೆನ್ನೈ: ಜಲವರ್ಣದಲ್ಲಿ ಹಕ್ಕಿ ಬಿಡಿಸಲು ಹೊರಟವರು ಮೊದಲು ಮಾಡುವ ಕೆಲಸ ಮೊಬೈಲ್‌ನಲ್ಲಿ ಒಂದು ಒಳ್ಳೆಯ ಫೋಟೋ ಹುಡುಕುವುದು. ಆದರೆ ಎಣ್ಣೂರಿನ ಹೆಜ್ಜಾರ್ಲೆಯನ್ನು (ಪೆಲಿಕನ್) ಹುಡುಕಿದವರಿಗೆ ಮೈತುಂಬ ಕಂದು ಬಣ್ಣ ಮೆತ್ತಿಕೊಂಡ ಹಕ್ಕಿಗಳ ಚಿತ್ರಗಳು ಎದುರಾಗುತ್ತವೆ. ಅದು ಆ ಹಕ್ಕಿಯ ಬಣ್ಣವಲ್ಲ, ತೈಲದ ಬಣ್ಣ!

2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ಮಳೆಯ ವೇಳೆ ಮಣಲಿ ಕೈಗಾರಿಕಾ ಪ್ರದೇಶದ ಕಡೆಯಿಂದ ಹರಿದುಬಂದ ತೈಲ, ಕೊಸಸ್ತಲೈಯಾರ್ ನದಿ ಸಮುದ್ರ ಸೇರುವ ಎಣ್ಣೂರು ಅಳಿವೆಯಲ್ಲಿ ಹರಡಿತ್ತು. ಮೀನುಗಾರರ ದೋಣಿ, ಬಲೆಗಳ ಜೊತೆಗೆ ಹೆಜ್ಜಾರ್ಲೆಗಳ ಗರಿಗೂ ಅದು ಅಂಟಿಕೊಂಡಿತು.

ಅಸಲಿ ಬಣ್ಣ ಯಾವುದು?

ಇಲ್ಲಿ ಕಾಣುವುದು ಚುಕ್ಕೆ ಕೊಕ್ಕಿನ ಹೆಜ್ಜಾರ್ಲೆ. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನ ಮರಗಳಲ್ಲಿ ಗೂಡು ಕಟ್ಟುವುದೂ ಇದೇ ಜಾತಿ. ಮೈ ಬೂದು ಮಿಶ್ರಿತ ಬಿಳಿ, ಮೇಲ್ಕೊಕ್ಕಿನ ಅಂಚಿನಲ್ಲಿ ಸಾಲು ಚುಕ್ಕೆ, ಹಿಂಗತ್ತಿನಲ್ಲಿ ಕೆದರಿದ ಜುಟ್ಟು. ಒಂದೇ ಫೋಟೋ ನಂಬಿದರೆ ಇವುಗಳಲ್ಲಿ ಒಂದಾದರೂ ತಪ್ಪಿಹೋಗುತ್ತದೆ. ಆದ್ದರಿಂದ ಬೇರೆ ಬೇರೆ ಊರಿನ, ಬೇರೆ ಬೇರೆ ಬೆಳಕಿನ ನಾಲ್ಕೈದು ಫೋಟೋಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಫೋಟೋ ಎಲ್ಲಿ ದಾರಿ ತಪ್ಪಿಸುತ್ತದೆ?

ಸುಡುಬಿಸಿಲಿನಲ್ಲಿ ತೆಗೆದ ಫೋಟೋದಲ್ಲಿ ಬಿಳಿ ಗರಿಗಳ ವಿವರ ಕಾಣುವುದಿಲ್ಲ. ನೆರಳು ಬರೀ ಕಪ್ಪಾಗಿ ಬರುತ್ತದೆ. ಕಣ್ಣಿಗೆ ಅದೇ ನೆರಳು ತಿಳಿನೀಲಿಯಾಗಿಯೋ, ಕೆಳಗಿನ ಕೆಸರಿನ ಬೆಳಕು ಬಿದ್ದು ಮಣ್ಣಿನ ಬಣ್ಣವಾಗಿಯೋ ಕಾಣುತ್ತದೆ. ಹಾಗಾಗಿ ಫೋಟೋದಿಂದ ಆಕಾರ ಮತ್ತು ಅಳತೆ ತೆಗೆದುಕೊಳ್ಳಿ, ನೆರಳಿನ ಬಣ್ಣವನ್ನು ಹಾಗೇ ನಕಲು ಮಾಡಬೇಡಿ.

ಬಿಡಿಸುವುದು ಹೇಗೆ?

* 300 ಜಿಎಸ್‌ಎಂ ಕಾಗದ ಬಳಸಿ. ತೆಳು ಕಾಗದ ನೀರು ಬಿದ್ದರೆ ಸುಕ್ಕಾಗುತ್ತದೆ.

* ಪೆನ್ಸಿಲ್‌ನಲ್ಲಿ ಮೊದಲು ದೇಹದ ಮೊಟ್ಟೆಯಾಕಾರ, ಕತ್ತಿನ ಬಾಗು ಗುರುತಿಸಿ. ಕೊಕ್ಕಿನ ಉದ್ದವನ್ನೇ ಅಳತೆಗೋಲು ಮಾಡಿಕೊಂಡು ಉಳಿದ ಭಾಗಗಳನ್ನು ಅಳೆಯಿರಿ.

* ಜಲವರ್ಣದಲ್ಲಿ ಬಿಳಿ ಎಂದರೆ ಖಾಲಿ ಕಾಗದ. ಬೆಳಕು ಬೀಳುವ ಬೆನ್ನು, ಕತ್ತನ್ನು ಮುಟ್ಟದೆ ಬಿಡಿ. ಹಿಂದಿನ ನೀರಿಗೆ ಬಣ್ಣ ಕೊಟ್ಟರೆ ಬಿಳಿ ಹಕ್ಕಿ ತಾನಾಗಿ ಎದ್ದು ಕಾಣುತ್ತದೆ.

* ನೆರಳಿಗೆ ಕಪ್ಪು ಬೇಡ. ಅಲ್ಟ್ರಾಮರೀನ್ ನೀಲಿಗೆ ಸ್ವಲ್ಪ ಬರ್ನ್ಟ್ ಸಿಯೆನ್ನಾ ಬೆರೆಸಿದರೆ ಜೀವಂತ ಬೂದು ಸಿಗುತ್ತದೆ.

* ಒಂದೊಂದೇ ಗರಿ ಎಣಿಸಬೇಡಿ, ಗರಿಗಳ ಗುಂಪು ತೋರಿಸಿ. ಕಣ್ಣು, ಕೊಕ್ಕಿನ ಚುಕ್ಕೆಗಳನ್ನು ಕಾಗದ ಪೂರ್ತಿ ಒಣಗಿದ ಮೇಲೆ ಕೊನೆಗೆ ಇಡಿ.

ಬೇರೆಯವರ ಫೋಟೋ ಬಳಸಬಹುದೇ?

ಮನೆಯಲ್ಲಿ ಅಭ್ಯಾಸಕ್ಕೆ ಅಡ್ಡಿಯಿಲ್ಲ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಫೋಟೋಗೂ ಹಕ್ಕುದಾರರಿದ್ದಾರೆ. ಫೋಟೋ ತೆಗೆದವರ ಜೀವಿತಾವಧಿ ಮತ್ತು ಅವರ ಮರಣದ ನಂತರ 60 ವರ್ಷ ಆ ಹಕ್ಕು ಇರುತ್ತದೆ. ಚಿತ್ರವನ್ನು ಮಾರುವುದಾದರೆ, ಪ್ರದರ್ಶಿಸುವುದಾದರೆ ಅನುಮತಿ ಕೇಳಿ. ವಿಕಿಮೀಡಿಯ ಕಾಮನ್ಸ್‌ನಂಥ ತಾಣಗಳಲ್ಲಿ ಹೆಸರು ಹಾಕಿ ಬಳಸಬಹುದಾದ ಫೋಟೋಗಳಿವೆ, ಪ್ರತಿ ಫೋಟೋದ ಷರತ್ತು ಓದಿಕೊಳ್ಳಿ.

ತೈಲದ ಹಕ್ಕಿಯನ್ನು ಬಿಡಿಸಬಾರದೇ?

ಖಂಡಿತ ಬಿಡಿಸಬಹುದು. ಆದರೆ ಏನಾಗಿದೆ ಎಂದು ತಿಳಿದು ಬಿಡಿಸಿ. ತೈಲ ಮೆತ್ತಿದ ಗರಿ ನೀರನ್ನು ತಡೆಯುವುದಿಲ್ಲ, ಮೈ ಬೆಚ್ಚಗಿಡುವುದಿಲ್ಲ. ಕೊಕ್ಕಿನಿಂದ ಗರಿ ತೀಡಿಕೊಳ್ಳುವಾಗ ವಿಷ ಹೊಟ್ಟೆಗೂ ಸೇರುತ್ತದೆ. ಗರಿಗಳು ಅಂಟಿಕೊಂಡು ಜುಟ್ಟಿನ ಆಕಾರವೇ ಬದಲಾಗುತ್ತದೆ. ಚಿತ್ರದ ಕೆಳಗೆ ಸ್ಥಳ, ತಿಂಗಳು, ವರ್ಷ ಬರೆಯಿರಿ. ಇಲ್ಲದಿದ್ದರೆ ಮುಂದೆ ಅದನ್ನು ನೋಡುವ ಮಗು ಎಣ್ಣೂರಿನ ಹೆಜ್ಜಾರ್ಲೆ ಹುಟ್ಟಿನಿಂದಲೇ ಕಂದು ಎಂದುಕೊಂಡೀತು.