ಭವಿಷ್ಯತ್ ಕಾಲ ಮತ್ತು ಪಕ್ಷಾರ್ಥ (ಕನ್ನಡ ವ್ಯಾಕರಣ)

ಕ್ರಿಯೆಯು ಮುಂದೆ ನಡೆಯುವುದೆಂದು ಸೂಚಿಸುವ ಕ್ರಿಯಾಪದ ರೂಪವನ್ನು ಭವಿಷ್ಯತ್ ಕಾಲವೆಂದೂ, ಒಂದು ಕ್ರಿಯೆ ನಡೆದ ಪಕ್ಷದಲ್ಲಿ ಮಾತ್ರ ಇನ್ನೊಂದು ನಡೆಯುವುದೆಂದು ತಿಳಿಸುವ ರೂಪವನ್ನು ಪಕ್ಷಾರ್ಥವೆಂದೂ ಕರೆಯುತ್ತಾರೆ. 'ಹೋಗುವನು' ಎಂಬುದು ಮೊದಲನೆಯದಕ್ಕೆ, 'ಹೋದರೆ' ಎಂಬುದು ಎರಡನೆಯದಕ್ಕೆ ಉದಾಹರಣೆ. ಇವುಗಳ ಪಠ್ಯರೂಪಕ್ಕೂ ಆಡುಮಾತಿನ ರೂಪಕ್ಕೂ ಇರುವ ಅಂತರವು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಕನ್ನಡದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 9ನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪಣ, ಅಂದರೆ ಇಂದಿನ ಕೊಪ್ಪಳವೂ ಒಂದು.

ಭವಿಷ್ಯತ್ ಕಾಲದ ಪ್ರತ್ಯಯ

13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಭೂತಕಾಲಕ್ಕೆ 'ದ', ವರ್ತಮಾನಕ್ಕೆ 'ದಪ', ಭವಿಷ್ಯತ್ತಿಗೆ 'ವ' ಎಂಬ ಪ್ರತ್ಯಯಗಳನ್ನು ಹೇಳಿದ್ದಾನೆ. 'ದಪ' ಕಾಲಕ್ರಮದಲ್ಲಿ ಮರೆಯಾಗಿ ಅದರ ಸ್ಥಾನಕ್ಕೆ 'ಉತ್ತ' ಬಂದಿತು. 'ವ' ಉಳಿಯಿತು, ಆದರೆ ಉಳಿದದ್ದು ಹೆಚ್ಚಾಗಿ ಬರವಣಿಗೆಯಲ್ಲಿ. ಇಂದು 'ಅವನು ನಾಳೆ ಬರುವನು' ಎಂದು ಮನೆಯಲ್ಲಿ ಯಾರೂ ಆಡುವುದಿಲ್ಲ. 'ನಾಳೆ ಬರುತ್ತಾನೆ' ಎನ್ನುತ್ತಾರೆ. 'ಭವಿಷ್ಯತ್ ಕಾಲಕ್ಕೆ ಪರಿವರ್ತಿಸಿ' ಎಂಬ ಪ್ರಶ್ನೆಗೆ ಹೀಗೆಯೇ ಬರೆದ ವಿದ್ಯಾರ್ಥಿಗಳು ಅಂಕ ಕಳೆದುಕೊಳ್ಳುವುದುಂಟು. ಪರೀಕ್ಷೆಯಲ್ಲಿ 'ಬರುವನು' ಎಂದು ಬರೆಯುವುದೇ ಕ್ಷೇಮ. ಆದರೂ 'ನಾಳೆ ಬರುತ್ತಾನೆ' ಎಂಬುದನ್ನು ತಪ್ಪು ಕನ್ನಡವೆನ್ನಲು ಆಧಾರವಿಲ್ಲ.

ಕೊಪ್ಪಳ ಸೀಮೆಯ ಮಾತಿನಲ್ಲಿ ಈ ವ್ಯವಸ್ಥೆ ಇನ್ನೂ ಅಚ್ಚುಕಟ್ಟಾಗಿದೆ. ಈಗ ನಡೆಯುತ್ತಿರುವ ಕ್ರಿಯೆಗೆ 'ಬರಾಕತ್ತಾನ' (ಬರಲಿಕ್ಕೆ ಹತ್ತಿದ್ದಾನೆ) ಎಂಬ ಬೇರೆಯೇ ರೂಪವಿದೆ. ಆದ್ದರಿಂದ 'ಬರ್ತಾನ' ಎಂಬುದು ರೂಢಿಯ ಕ್ರಿಯೆಗೂ ಮುಂದಿನ ಕ್ರಿಯೆಗೂ ಮೀಸಲಾಗಿ ಉಳಿಯುತ್ತದೆ. ಹಳೆಯ 'ವ' ಪ್ರತ್ಯಯವೂ ಇಲ್ಲಿ ಪೂರ್ತಿ ಅಳಿದಿಲ್ಲ. 'ನಾಳೆ ಊರಿಗೆ ಹೋಗಾಂವ ಅದೀನಿ' ಎಂದು ಗಂಡಸರೂ 'ಹೋಗಾಕಿ ಅದೀನಿ' ಎಂದು ಹೆಂಗಸರೂ ಹೇಳುವಾಗ ಅದು ಹೊರಡುವ ನಿಶ್ಚಯವನ್ನು ತಿಳಿಸುತ್ತದೆ. 'ಹೋಗುವವನು', 'ಹೋಗುವಾಕೆ' ಎಂಬ ರೂಪಗಳೇ ಇಲ್ಲಿ ಸವೆದು ನಿಂತಿವೆ.

ಪಕ್ಷಾರ್ಥ ಮತ್ತು ಸಂಭಾವನೆ

ಹಳಗನ್ನಡದ 'ಬಂದೊಡೆ' ಹೊಸಗನ್ನಡದಲ್ಲಿ 'ಬಂದರೆ' ಆಗಿದೆ. ಈ ಭಾಗದ ಮಾತಿನಲ್ಲಿ ಅದು 'ಬಂದ್ರ'. ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಹೊಲದ ರೈತ 'ಮಳಿ ಬಂದ್ರ ಬಿತ್ತನಿ ಮಾಡ್ತೀವಿ' ಎಂದರೆ, ತುಂಗಭದ್ರಾ ಎಡದಂಡೆ ಕಾಲುವೆಯನ್ನು ನಂಬಿದ ಗಂಗಾವತಿಯ ರೈತ 'ನೀರು ಬಿಟ್ರ ನಾಟಿ ಮಾಡ್ತೀವಿ' ಎನ್ನುತ್ತಾನೆ. ಮಳೆ ಇನ್ನೂ ಬಂದಿಲ್ಲ, ನೀರು ಇನ್ನೂ ಬಿಟ್ಟಿಲ್ಲ. ಆದರೂ ಕ್ರಿಯಾಪದ ನಿಂತಿರುವುದು ಭೂತಕಾಲದ ರೂಪದ ಮೇಲೆ. 'ಬರುವರೆ' ಎಂದು ಯಾರೂ ಹೇಳುವುದಿಲ್ಲ. ಸಂಭಾವನಾರ್ಥಕ ರೂಪಗಳಾದ 'ಬಂದಾನು', 'ಬಂದೀತು' ಕೂಡ ಇದೇ ಭೂತರೂಪದಿಂದ ಹುಟ್ಟಿವೆ. 'ಬಿದ್ದೀಯ, ಜೋಕೆ' ಎಂಬ ಎಚ್ಚರಿಕೆಯಲ್ಲಿ ಮಗು ಇನ್ನೂ ಬಿದ್ದಿರುವುದಿಲ್ಲ.

ನಡೆಯದೇ ಹೋದುದನ್ನು ಹೇಳಲು ಇನ್ನೊಂದು ಜೋಡಣೆ ಇದೆ: 'ನೀನು ಕರೆದಿದ್ದರೆ ನಾನು ಬರುತ್ತಿದ್ದೆ.' ಇಲ್ಲಿ ಕರೆಯೂ ಇಲ್ಲ, ಬಂದದ್ದೂ ಇಲ್ಲ.

ಸ್ಪ್ಯಾನಿಷ್ ಭಾಷೆಯೊಡನೆ ಹೋಲಿಕೆ

ಸ್ಪ್ಯಾನಿಷ್ ಕಲಿಯುವ ಕನ್ನಡಿಗರಿಗೆ ಈ ತಿಳಿವಳಿಕೆ ನೆರವಾಗುತ್ತದೆ. ಆ ಭಾಷೆಯಲ್ಲಿ 'ಕಾಂತಾರ್' (ಹಾಡು) ಎಂಬ ಮೂಲರೂಪಕ್ಕೆ ಪ್ರತ್ಯಯ ಸೇರಿ 'ಕಾಂತಾರೇ' (ಹಾಡುವೆನು) ಎಂಬ ಭವಿಷ್ಯತ್ ರೂಪವೂ, 'ಕಾಂತಾರೀಆ' (ಹಾಡುತ್ತಿದ್ದೆ, ಆದರೆ...) ಎಂಬ ಷರತ್ತಿನ ರೂಪವೂ ಆಗುತ್ತವೆ. ಭವಿಷ್ಯತ್ತಿನ ಪ್ರತ್ಯಯವು ಲ್ಯಾಟಿನ್ನಿನ 'ಹೊಂದು' ಎಂಬರ್ಥದ ಕ್ರಿಯಾಪದದಿಂದ ಬಂದುದು. 'ನನಗೆ ಹಾಡಲಿಕ್ಕಿದೆ' ಎಂಬ ನಮ್ಮ ಮಾತಿಗೆ ಅದು ಹತ್ತಿರ. ಅಲ್ಲಿಯೂ ದಿನನಿತ್ಯದ ಮಾತಿನಲ್ಲಿ ಈ ರೂಪಕ್ಕಿಂತ 'ಬೊಯ್ ಆ ಕಾಂತಾರ್' (ಹಾಡಲು ಹೋಗುತ್ತೇನೆ) ಎಂಬುದೇ ಹೆಚ್ಚು.

ಕಲಿಯುವವರು ಎಡವುವ ಜಾಗ 'ಸಿ' (ಒಂದು ವೇಳೆ) ಎಂಬ ಪದದ ನಂತರ ಬರುವ ಕ್ರಿಯಾಪದ. ಇಂಥ ಷರತ್ತಿನ ವಾಕ್ಯದಲ್ಲಿ ಅಲ್ಲಿ ಭವಿಷ್ಯತ್ ರೂಪವಾಗಲಿ 'ಕಾಂತಾರೀಆ'ದಂಥ ರೂಪವಾಗಲಿ ಬರುವಂತಿಲ್ಲ. 'ಮಳೆ ಬಂದರೆ ಹೋಗುವುದಿಲ್ಲ' ಎನ್ನಲು ಮಳೆಗೆ ವರ್ತಮಾನವನ್ನೂ ಹೋಗುವುದಕ್ಕೆ ಭವಿಷ್ಯತ್ತನ್ನೂ ಬಳಸಬೇಕು. 'ಬರುವರೆ' ಎಂದು ಎಂದೂ ಹೇಳದ ಕನ್ನಡಿಗರಿಗೆ ಈ ನಿಯಮ ಅಪರಿಚಿತವೆನಿಸಬೇಕಾಗಿಲ್ಲ.